ಮೊದಲ ನಾಲ್ಕು ಕ್ಯಾಸೆಟ್ಟಿನ ಮೈಲಾರಿ

ಸೈಲಸ್ ಮೋರ್ಡನ್ ಎಂದರೆ ಯಾರು ಎಂದು ಬೆಳಗಾವಿಯಲ್ಲಿ ಕೇಳಿ ನೋಡಿ. ಕೇಳಿಸಿಕೊಂಡವರು ನಿಮ್ಮನ್ನೇ ಮೇಲಿಂದ ಕೆಳಗೆ ನೋಡಿ ಮುಂದೆ ಹೋಗುತ್ತಾರೆ. ಇಡೀ ಜಿಲ್ಲೆಯಲ್ಲಿ ಆ ಹೆಸರು ಗೊತ್ತಿದ್ದದ್ದು ಹನ್ನೊಂದು ಮಂದಿಗೆ. ಆ ಹನ್ನೊಂದರಲ್ಲಿ ಒಂಬತ್ತು ಮಂದಿ ಸಭ್ಯರು. ಉಳಿದಿಬ್ಬರು ನಾನು ಮತ್ತು ಮೈಲಾರಲಿಂಗ. ಆ ಮುದುಕನ ಹಳೆಯ ಹಾಡು ಹೆಚ್ಚೋ ಹೊಸ ಹಾಡು ಹೆಚ್ಚೋ ಎಂದು ನಾವಿಬ್ಬರು ಹನ್ನೊಂದು ವರ್ಷ ಕಚ್ಚಾಡಿದೆವು. ಇದು ಮೈಲಾರಲಿಂಗನ ಕಥೆ. ನಡುನಡುವೆ ನಾನೂ ಬರುತ್ತೇನೆ. ನನ್ನನ್ನು ಬಿಟ್ಟು ಹೇಳಲು ನೋಡಿದೆ, ಆಗಲಿಲ್ಲ.

ಸೈಲಸ್ ವಿಲಾಯತಿಯ ರಾಕ್ ಹಾಡುಗಾರ. ಹಾಡುವುದಕ್ಕಿಂತ ಹೆದರಿಸುವುದರಲ್ಲೇ ಹೆಸರು ಮಾಡಿದವನು. ವೇದಿಕೆಯ ಮೇಲೆ ಮಣ್ಣು ತುಂಬಿದ ಗುಂಡಿಯೊಳಗಿಂದ ಎದ್ದು ಬರುತ್ತಿದ್ದ, ಮೈತುಂಬ ಬೂದಿ ಬಳಿದುಕೊಳ್ಳುತ್ತಿದ್ದ, ಮುಂದಿನ ಸಾಲಿನವರ ಮೇಲೆ ಬೂದಿ ಉಗುಳುತ್ತಿದ್ದ. ಅವನ ದೇಶದಲ್ಲಿ ಪಾದ್ರಿಗಳು ಅವನ ಹಾಡಿನ ತಟ್ಟೆಗಳನ್ನು ರಾಶಿ ಹಾಕಿ ಸುಟ್ಟಿದ್ದರಂತೆ. ನಮ್ಮಲ್ಲಿ ಅಂಥದ್ದೇನೂ ಆಗಲಿಲ್ಲ. ಖಾಸಬಾಗದ ನನ್ನ ಕ್ಯಾಸೆಟ್ ಅಂಗಡಿಯ ಗೋಡೆಯ ಮೇಲೆ ಅವನ ಚಿತ್ರ ನೋಡಿದ ನಮ್ಮಪ್ಪ ಈರಯ್ಯ, "ಇವರು ಯಾವ ಮಠದ ಸ್ವಾಮಿಗಳೋ?" ಎಂದು ಚಪ್ಪಲಿ ಬಿಟ್ಟು ಕೈಮುಗಿದ. ಅವ್ವ ಕಾಶವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನಿಂದ ನಾವೆಲ್ಲ ಅವನನ್ನು ಸೈಲಣ್ಣ ಎಂದೇ ಕರೆದೆವು.

ಆ ಕ್ಯಾಸೆಟ್ಟುಗಳನ್ನು ತರುತ್ತಿದ್ದವನು ಅಮರ. ಖಾನಾಪುರದವನು, ಮನೆಮಾತು ಮರಾಠಿ, ಗೋವೆಯ ಬಸ್ಸಿಗೆ ಕಂಡಕ್ಟರ್. ಕಣಕುಂಬಿಯ ಘಾಟು ಹತ್ತಿ ಬರುವಾಗೆಲ್ಲ ಟಿಕೆಟಿನ ಚೀಲದಲ್ಲಿ ಒಂದೆರಡು ಇಂಗ್ಲಿಷ್ ಕ್ಯಾಸೆಟ್ ಇರುತ್ತಿದ್ದವು. ಭಜನೆ ಮತ್ತು ಲಾವಣಿಗಳ ಸಾಲಿನ ಹಿಂದೆ ಅವಕ್ಕೊಂದು ಕಪಾಟು ಮಾಡಿದ್ದೆ.

ಮೈಲಾರಲಿಂಗ ಅಂಗಡಿಗೆ ಮೊದಲ ಸಲ ಬಂದದ್ದು ತೊಂಬತ್ತಾರರಲ್ಲಿ, ಒಂದು ರವಿವಾರ ಸಂತೆಯ ಹೊತ್ತಿಗೆ. ಗಿಡ್ಡ ಆಳು, ಅಗಲ ಹೆಗಲು, ಉಗುರಿನ ಸಂದಿಯಲ್ಲಿ ಕಬ್ಬಿಣದ ಕಪ್ಪು. ಅವ್ವನಿಗೆ ಭಜನೆಯ ಕ್ಯಾಸೆಟ್ ಕೊಳ್ಳಲು ಬಂದವನು ಚಿತ್ರದ ಮುಂದೆ ನಿಂತುಬಿಟ್ಟ.

"ಈ ಬೂದಿ ಬಳಕೊಂಡಾಂವ ಯಾರ್ರಿ?"

"ಹಾಡಾಂವ. ಮಣ್ಣಾಗಿಂದ ಎದ್ದ ಬರ್ತಾನ. ಯಾಕ, ಹೆದರಿಕಿ ಬಂತೇನ?"

"ಹೆದರೂದೇನೈತ್ರಿ ಇದರಾಗ? ನಮ್ಮಜ್ಜ ಮೈಲಾರ ದೇವರ ವಗ್ಗಯ್ಯ ಇದ್ದ. ಕಂಬಳಿ ಅಂಗಿ ಹಾಕ್ಕೊಂಡ ನಾಯಿಗತೆ ಬೊಗಳ್ತಿದ್ದ, ಕಬ್ಬಿಣದ ಸರಪಳಿ ಹರೀತಿದ್ದ. ಹಾಕ್ರಿ, ಇಂವ ಏನ ಹರೀತಾನ ನೋಡೂಣು."

ಹಾಕಿದೆ. ಎರಡೂ ಬದಿ ಮುಗಿಯುವವರೆಗೆ ಅವನು ನಿಂತೇ ಕೇಳಿದ. ಇಂಗ್ಲಿಷಿನ ಒಂದು ಅಕ್ಷರ ತಿಳಿಯದಿದ್ದರೂ ಎಲ್ಲಿ ತಾಳ ತಪ್ಪಿಸಿ ಬಡಿದಿದ್ದಾರೆ, ಎಲ್ಲಿ ಎರಡು ಗಿಟಾರು ಒಂದೇ ಆಗಿ ಕೇಳುತ್ತವೆ ಎಂದು ಬೆರಳು ಎತ್ತಿ ತೋರಿಸಿದ. ಅದೇ ಕ್ಯಾಸೆಟ್ಟನ್ನು ನಾನು ನೂರು ಸಲ ಕೇಳಿದ್ದೆ, ಎರಡು ಗಿಟಾರು ಇವೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನಗೆ ಆ ಕ್ಷಣ ಅವನ ಮೇಲೆ ಹೊಟ್ಟೆಕಿಚ್ಚಾಯಿತು, ಜೊತೆಗೆ ಪ್ರೀತಿಯೂ ಆಯಿತು. ಎರಡೂ ಕೊನೆಯವರೆಗೆ ಉಳಿದವು.

ಅವನು ಪಾರಿಶ್ವಾಡದವನು. ಕುರುಬರ ಮನೆ. ಅಪ್ಪನ ಕಾಲಕ್ಕೇ ಕುರಿ ಮಾರಿಹೋಗಿದ್ದವು. ಹತ್ತನೆಯ ಇಯತ್ತೆ ಮುಗಿಸಿದ ಮೈಲಾರಿ ಹತ್ತೊಂಬತ್ತಕ್ಕೆ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಲ್ಲಿ ಕೆಲಸಕ್ಕೆ ನಿಂತ. ಪ್ರಮಿಳಾಳನ್ನು ಮದುವೆಯಾದ ಮೇಲೆ ಖಾನಾಪುರದಲ್ಲಿ ಬಾಡಿಗೆ ಮನೆ ಮಾಡಿ, ದಿನಾಲು ಬಸ್ಸಿನಲ್ಲಿ ಓಡಾಡಿದ. ಮೊದಲ ಏಳು ವರ್ಷ ಅವನಿಗೆ ಗ್ರೈಂಡರಿನ ಶೆಡ್ಡು. ಅಚ್ಚಿನಿಂದ ಹೊರಬಂದ ಬೀಡುಕಬ್ಬಿಣದ ಎರಕಗಳ ಮೇಲಿನ ಉಬ್ಬು ತಿಕ್ಕಿ ತೆಗೆಯುವ ಕೆಲಸ. ಒಂದೇ ತಗಡಿನ ಮಾಡಿನ ಕೆಳಗೆ ಹನ್ನೆರಡು ಗ್ರೈಂಡರು ಒಮ್ಮೆಗೇ ಕಿರಚುತ್ತಿದ್ದವು. ಕಿವಿಗೆ ಏನು ಹಾಕಿಕೊಳ್ಳುತ್ತೀ ಎಂದು ಒಮ್ಮೆ ಕೇಳಿದ್ದೆ. "ಹತ್ತಿ ಅರಳಿ ಇಟ್ಕೊಂತೇನಿ, ನೆನಪಾದ್ರ" ಎಂದಿದ್ದ.

ಎಂಟನೆಯ ವರ್ಷ ಮಾಲಕರು ಅವನನ್ನು ಬಡಿದು ನೋಡುವ ಕೆಲಸಕ್ಕೆ ಹಾಕಿದರು. ಎರಕವನ್ನು ಕೊಕ್ಕೆಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಒಂದು ಏಟು ಬಡಿಯಬೇಕು. ಒಳಗೆ ಗಟ್ಟಿಯಿದ್ದರೆ ಖಣ್ ಎನ್ನುತ್ತದೆ, ಆ ದನಿ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಬದ್ ಎಂದು ಅಲ್ಲೇ ಸಾಯುತ್ತದೆ. ಖಣ್ ಎಂದರೆ ಸುಣ್ಣದ ಕಡ್ಡಿಯಿಂದ ಒಂದು ಗೀಟು, ಮಾಲು ಹೊರಗೆ ಹೋಗುತ್ತದೆ. ಬದ್ ಎಂದರೆ ಕತ್ತರಿ ಗುರುತು, ಮಾಲು ಮತ್ತೆ ಕುಲುಮೆಗೆ. ದೊಡ್ಡ ಕಾರಖಾನೆಗಳಲ್ಲಿ ಇದಕ್ಕೆಲ್ಲ ಯಂತ್ರ ಬಂದಿವೆ. ಅವನ ಫೌಂಡ್ರಿಯಲ್ಲಿ ಮೈಲಾರಿಯೇ ಯಂತ್ರ. ಹುಬ್ಬಳ್ಳಿ ಕೊಲ್ಹಾಪುರದ ಗಿರಾಕಿಗಳೂ "ಮೈಲಾರಿ ಬಡದಾನಿಲ್ಲೋ?" ಎಂದು ಕೇಳಿಯೇ ಮಾಲು ಎತ್ತುತ್ತಿದ್ದರು. ಅಲ್ಲಿ ಅವನ ಹೆಸರೇ ಕಿವಿ ಮಾಸ್ತರ.

ಆ ಮಾಸ್ತರಿಕೆ ಅವನು ನನ್ನ ಅಂಗಡಿಗೂ ತಂದ. ಸೈಲಣ್ಣನ ಆಲ್ಬಮ್ಮುಗಳ ಇಂಗ್ಲಿಷ್ ಹೆಸರು ನಮ್ಮ ನಾಲಿಗೆಗೆ ಹತ್ತುತ್ತಿರಲಿಲ್ಲ, ಮುಖಪುಟದ ಚಿತ್ರ ನೋಡಿ ನಾವೇ ಹೆಸರಿಟ್ಟಿದ್ದೆವು. ಗುಂಡಿ, ಕಾಗಿ, ಹಲ್ಲು, ಮೂರನೇ ಕಣ್ಣು. ಇವು ಮೊದಲ ನಾಲ್ಕು, ಸೈಲಣ್ಣ ಮೂವತ್ತೈದು ದಾಟುವುದರೊಳಗೆ ಹಾಡಿದವು. ಆಮೇಲೆ ಹದಿನೆಂಟು ವರ್ಷ ಅವನು ಸುಮ್ಮನಿದ್ದ. ಎರಡು ಸಾವಿರದ ಮೂರರಲ್ಲಿ ಎದ್ದು ಬಂದು ಒಂದು ಆಲ್ಬಮ್ ಮಾಡಿದ. ಮುಖಪುಟದ ಮೇಲೆ ಖಾಲಿ ಕುರ್ಚಿಯಿತ್ತು. ಮೈಲಾರಿ ಅದನ್ನು ಪೂರ್ತಿ ಕೇಳಿ, ಡಬ್ಬಿಯನ್ನು ಉಗುರಿನಿಂದ ಟಕ್ಕನೆ ಬಡಿದು, "ಬದ್. ಒಳಗ ಒಡದೈತಿ" ಎಂದ.

ಅವನ ಮಾತು ಖರೇ ಇತ್ತು. ಕುರ್ಚಿ ಅಷ್ಟು ಕೆಟ್ಟದಾಗಿತ್ತು. ನಾವು ಹತ್ತು ಮಂದಿಯೂ ತಲೆಯಾಡಿಸಿದೆವು. ಈಗ ನೆನಪಿಸಿಕೊಂಡರೆ ಅಲ್ಲೇ ನಾವು ಮೋಸ ಹೋದೆವು ಅನ್ನಿಸುತ್ತದೆ. ಒಮ್ಮೆ ಸರಿ ಹೇಳಿದವನನ್ನು ಮತ್ತೆ ಯಾರೂ ಪರೀಕ್ಷೆ ಮಾಡುವುದಿಲ್ಲ.

ಎರಡು ಸಾವಿರದ ಹನ್ನೊಂದರಲ್ಲಿ ಕನ್ನಡಿ ಬಂತು. ಮುಖಪುಟದಲ್ಲಿ ಒಡೆದ ಕನ್ನಡಿ, ಅದರಲ್ಲಿ ಬೂದಿಯಿಲ್ಲದ ಮುದಿ ಮುಖ. ಅದೇ ವರ್ಷ ನಮ್ಮಪ್ಪ ಲಿಂಗೈಕ್ಯನಾಗಿದ್ದ. ಸೈಲಣ್ಣ ಆ ಆಲ್ಬಮ್ಮಿನಲ್ಲಿ ಕಿರಚುವುದನ್ನು ಬಿಟ್ಟಿದ್ದ, ಬಾಯಿ ಹತ್ತಿರ ತಂದು ಪಿಸುಗುಟ್ಟುವ ಹಾಗೆ ಹಾಡಿದ್ದ. ಹರೆಯದಲ್ಲಿ ಸತ್ತ ಹಾಗೆ ನಟಿಸಿದವನಿಗೆ ಈಗ ನಿಜವಾಗಿಯೂ ಸಾಯುವ ಹೆದರಿಕೆ ಬಂದಿತ್ತು. ಅಪ್ಪ ಇಲ್ಲದ ಮನೆಯಲ್ಲಿ ಕುಳಿತು ನಾನು ಅದನ್ನು ಕೇಳಿ ಅತ್ತಿದ್ದೇನೆ. ರವಿವಾರ ಮೈಲಾರಿಗೆ ಕೇಳಿಸಿದೆ. ಅವನು ಹುಬ್ಬು ಗಂಟಿಕ್ಕಿ, ತಲೆ ಒಂದು ಬದಿಗೆ ವಾಲಿಸಿ ಕೇಳಿದ. ಆಮೇಲೆ ಅದೇ ಉಗುರು.

"ಬದ್."

"ಲೇ, ಸರಿಯಾಗಿ ಕೇಳಲೇ. ಸಾಯೂ ಮನಷ್ಯಾ ಹಾಡಾಕತ್ತಾನ."

"ಸಾಯಾಂವ ಸುಮ್ನ ಸಾಯಬೇಕ ಸ್ವಾಮ್ಯಾರ. ಹಾಡಿ ಮಂದೀನ ಯಾಕ ಕೊಲ್ಲಬೇಕ? ದನಿಯಾಗ ಏನೂ ಉಳದಿಲ್ಲ. ಎಲ್ಲಾ ಕಂಬಳಿ ಮುಚ್ಚಿಧಂಗ ಕೇಳತೈತಿ."

ಎಲ್ಲರೂ ನಕ್ಕರು. ನಾನು ಜಂಗಮರ ಮನೆಯವನಾದ್ದರಿಂದ ಸ್ವಾಮ್ಯಾರ ಎಂದು ಅವನು ನನ್ನನ್ನು ಕರೆಯುತ್ತಿದ್ದದ್ದು ಚೇಷ್ಟೆಗೆ, ಅವತ್ತು ಮಾತ್ರ ನನಗೆ ಚುಚ್ಚಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಅಲ್ಲಿಂದ ಹನ್ನೊಂದು ವರ್ಷ ನಮ್ಮ ವಾದ ನಡೆಯಿತು. ಅಂಗಡಿಯಲ್ಲಿ ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೊಬೈಲಿನ ಕವರು ಚಾರ್ಜರು ಬಂದವು. ನಮ್ಮ ಬಳಗ ವಾಟ್ಸಾಪಿಗೆ ಹತ್ತಿತು. ಅಲ್ಲಿಯೂ ಮೈಲಾರಿಯ ಮಾತೇ ಕೊನೆಯ ಮಾತು. ಅವನ ಕಿವಿಯ ಮುಂದೆ ನನ್ನ ಕಣ್ಣೀರಿಗೆ ಯಾವ ಕಿಮ್ಮತ್ತು?

ಕಂಬಳಿ ಮುಚ್ಚಿದ ಹಾಗೆ ಎಂದನಲ್ಲ, ಆ ಮಾತನ್ನು ನಾನು ಟೀಕೆ ಎಂದೇ ತಿಳಿದೆ. ಅವನೂ ಹಾಗೇ ತಿಳಿದಿದ್ದ.

ಇಪ್ಪತ್ತೆರಡರಲ್ಲಿ ಸೈಲಣ್ಣನ ಇನ್ನೊಂದು ಆಲ್ಬಮ್ ಬಂತು. ಅವನಿಗಾಗ ಎಪ್ಪತ್ತು ದಾಟಿತ್ತು. ನಾವು ಅದಕ್ಕೆ ಮುದುಕ ಎಂದು ಹೆಸರಿಟ್ಟೆವು. ಅದರ ಮೊದಲ ಹಾಡು ಶುರುವಾಗುವ ಬಗೆಯೇ ಬೇರೆ. ಪೂರ್ತಿ ಒಂದು ನಿಮಿಷ ಬೇರೇನೂ ಇಲ್ಲ, ಸಣ್ಣ ಉಕ್ಕಿನ ಕಡ್ಡಿಯನ್ನು ಬಡಿಯುವ ತೆಳ್ಳಗಿನ ದನಿ ಮಾತ್ರ. ಟಿಣ್, ಬಿಟ್ಟು ಟಿಣ್. ಡ್ರಮ್ಮು ಬರುವುದು ಆಮೇಲೆ. ರವಿವಾರ ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ನನ್ನ ಹೆಡ್‌ಫೋನನ್ನು ಅವನ ಕಿವಿಗೆ ಹಾಕಿ ಹಾಡು ಹಚ್ಚಿದೆ. ನನಗೂ ಹೊರಗೆ ಸಣ್ಣಗೆ ಟಿಣ್ ಟಿಣ್ ಕೇಳುತ್ತಿತ್ತು. ಮೈಲಾರಿ ಕೈಕಟ್ಟಿ ಕುಳಿತ. ಹತ್ತು ಸೆಕೆಂಡ್ ಆಯಿತು, ಇಪ್ಪತ್ತಾಯಿತು. ನಲವತ್ತಾದಾಗ ಅವನು ನನ್ನ ಕಡೆ ತಿರುಗಿದ.

"ಚಾಲೂ ಮಾಡಲೇ."

ನಾನು ಮೊಬೈಲಿನ ಪರದೆ ನೋಡಿದೆ. ನಲವತ್ತೊಂದು, ನಲವತ್ತೆರಡು.

"ಚಾಲೂ ಮಾಡೋ. ಎಷ್ಟೊತ್ತ ಕುಂದರಲಿ?"

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ಈ ಮನುಷ್ಯನಿಗೆ ತೆಳ್ಳಗಿನ ದನಿ ಕೇಳಿಸುವುದೇ ಇಲ್ಲ. ಕನ್ನಡಿಯ ಪಿಸುಮಾತೂ ಕೇಳಿಸಿರಲಿಲ್ಲ. ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಏನು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಗೆದ್ದೆ ಎನ್ನಿಸಿತು. ಹನ್ನೊಂದು ವರ್ಷ ನನ್ನನ್ನು ಕಿವಿಯಿಲ್ಲದವನ ಹಾಗೆ ಕಂಡವನಿಗೇ ಕಿವಿಯಿಲ್ಲ. ನನ್ನ ಆಲ್ಬಮ್ಮುಗಳು ಒಡೆದಿರಲಿಲ್ಲ. ಆ ಕೈಯೇ ನಾಳೆ ಬೆಳಿಗ್ಗೆ ಸುತ್ತಿಗೆ ಹಿಡಿಯುತ್ತದೆ ಎಂಬುದು ನನಗೆ ಅವತ್ತು ಹೊಳೆಯಲೇ ಇಲ್ಲ.

ಹೊಳೆದಿದ್ದರೆ ಮರುದಿನ ಆ ಕೆಲಸ ಮಾಡುತ್ತಿದ್ದೆನೋ ಇಲ್ಲವೋ. ಬಳಗದಲ್ಲಿ ಒಂದು ಪ್ರಶ್ನೆ ಹಾಕಿದೆ: ಮುದುಕದ ಮೊದಲ ನಿಮಿಷದಲ್ಲಿ ಏನು ಕೇಳುತ್ತದೆ, ಎಲ್ಲರೂ ಒಂದೊಂದು ಸಾಲು ಬರೆಯಿರಿ. ಬಲೆ ಯಾರಿಗೆಂದು ನನಗೆ ಗೊತ್ತಿತ್ತು. ಮೈಲಾರಿ ಎಲ್ಲರಿಗಿಂತ ಮೊದಲು ಬರೆದ. "ಏನೂ ಇಲ್ಲ. ಸುಮ್ಮನಿರೂದನ್ನೂ ಹಾಡು ಅಂತ ಮಾರಾಕತ್ತಾನ ನಿಮ್ಮ ಸೈಲಣ್ಣ." ಆಮೇಲೆ ಒಬ್ಬೊಬ್ಬರೇ ಬರೆದರು. ಗಂಟೆ ಎಂದರು, ಗಾಜು ಎಂದರು, ಅಮರ ಸೈಕಲ್ಲಿನ ಕಡ್ಡಿ ಎಂದ. ನಗುವ ಮುಖಗಳು ಸಾಲುಸಾಲಾಗಿ ಬಂದವು. "ಮಾಸ್ತರ, ಕಿವ್ಯಾಗ ಅರಳಿ ಉಳದೈತೇನ ನೋಡ್ಕೋರಿ" ಎಂದು ಯಾರೋ ಬರೆದರು. ಸಂಜೆಯ ಹೊತ್ತಿಗೆ ಮೈಲಾರಿ ಬಳಗದಿಂದ ಹೊರಗೆ ಹೋಗಿದ್ದ.

ಗುರುವಾರ ಅವನು ಕೆಲಸ ಅರ್ಧಕ್ಕೆ ಬಿಟ್ಟು ಅಂಗಡಿಗೆ ಬಂದ. ಬಂದವನೇ ಶಟರು ಅರ್ಧ ಎಳೆದ. ನನ್ನನ್ನು ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲಿನ ಮೇಲೆ ಕುಳಿತು ನೆಲ ನೋಡಿದ.

"ಯಾವಾಗಿಂದ?" ಎಂದು ಕೇಳಿದೆ. ಅವನಿಗೆ ಕೇಳಿಸಲಿಲ್ಲ. ಎದುರು ಬಂದು ಜೋರಾಗಿ ಕೇಳಿದೆ.

"ಗೊತ್ತಿಲ್ಲೋ ಚೇತ್ಯಾ" ಎಂದು ಈ ಸಲ ನನ್ನ ಹೆಸರು ಹಿಡಿದು ಕರೆದ. "ಹಳೇ ಹಾಡ ಎಲ್ಲಾ ಕೇಳಸ್ತಾವ. ಅದಕ್ಕ ಕಿವಿ ನೆಟ್ಟಗದಾವ ಅಂತಿದ್ದೆ. ಮೊನ್ನೆ ನೀವೆಲ್ಲಾ ಗಂಟಿ ಗಂಟಿ ಅಂದ ಮ್ಯಾಲ ಬಸ್ಸಿನ್ಯಾಗ ಗುಂಡಿ ಹಚ್ಚಿ, ನಡುವ ಹಾಡ ಬಂದ್ ಮಾಡಿದೆ. ಬಂದ್ ಮಾಡಿದ್ರೂ ತಲ್ಯಾಗ ಹಾಡ ನಡದ ಇತ್ತು. ಗಿಟಾರ ಸೈತ ಕೇಳಾಕತ್ತಿತ್ತು." ಅವನ ಕಣ್ಣು ತುಂಬಿದವು. "ಎಷ್ಟ ವರ್ಷಾತು ನಾ ಅದನ್ನ ಖರೇ ಕೇಳಿ?"

ನನ್ನ ಗೆಲುವು ಅಲ್ಲೇ ಸತ್ತಿತು. ಮೊದಲ ನಾಲ್ಕು ಅವನಿಗೆ ಬಾಯಿಪಾಠ. ಕಿವಿ ಬಿಟ್ಟದ್ದನ್ನೆಲ್ಲ ನೆನಪು ತುಂಬಿಕೊಡುತ್ತಿತ್ತು. ಆಮೇಲಿನವನ್ನು ತುಂಬಿಕೊಡಲು ಅವನ ತಲೆಯಲ್ಲಿ ಏನೂ ಇರಲಿಲ್ಲ, ಅದಕ್ಕೇ ಅವೆಲ್ಲ ಅವನಿಗೆ ಒಡೆದ ಬೀಡು.

"ಮತ್ತ ಕೆಲಸ?" ಎಂದೆ. "ಕಾಸ್ಟಿಂಗ್ ಹೆಂಗ ಬಡದ ನೋಡ್ತಿ?"

"ಅದಕ್ಕ ಬಂದೇನಿ. ಫೌಂಡ್ರ್ಯಾಗ ಯಾರಿಗೂ ಹೇಳಬ್ಯಾಡ. ಮತ್ತ ಗ್ರೈಂಡರಿಗೆ ಹಾಕ್ತಾರ ನನ್ನ. ಇಪ್ಪತ್ತ ವರ್ಷ ಮಾಸ್ತರ ಅನಿಸಿಕೊಂಡ ಅಲ್ಲಿ ಹೋಗಿ ಹೆಂಗ ನಿಂದರಲಿ? ನನಗ ಕೈ ಐತಿ. ಎಡಗೈ ಬೆರಳ ಹಚ್ಚಿ ಬಡೀತೇನಿ. ಗಟ್ಟಿ ಇದ್ರ ನಡಗತೈತಿ, ಒಡದಿದ್ರ ಸುಮ್ನ ಇರ್ತೈತಿ. ಕಿವಿಗಿಂತ ಛಲೋ ತಿಳೀತೈತಿ. ನೋಡ, ಬೇಕಾದ್ರ ಪರೀಕ್ಷಾ ಮಾಡ."

ನನ್ನ ಹಳೆಯ ಸ್ಪೀಕರಿನ ಮರದ ಪೆಟ್ಟಿಗೆಯ ಮೇಲೆ ಮೂರು ಬೆರಳಿನ ತುದಿ ಇಟ್ಟು ಮುಖ ಗೋಡೆಗೆ ತಿರುಗಿಸಿದ. "ಹಾಕ, ಯಾವುದಾರ ಹಾಕ. ಸಾವಕಾಶ ಹಾಕ, ಕಿವಿಗೆ ಬೀಳಬಾರ್ದು." ಗುಂಡಿಯ ಎರಡನೆಯ ಹಾಡು ಹಾಕಿದೆ. ಮೂರು ಏಟು ಬೀಳುವುದರಲ್ಲಿ ಹೇಳಿದ. ಹಲ್ಲಿನ ಕೊನೆಯ ಹಾಡು ಹಾಕಿದೆ, ಅದನ್ನೂ ಹೇಳಿದ. ಕಾಗಿಯ ನಡುವಿನಿಂದ ಒಂದು ತುಣುಕು ಹಚ್ಚಿದೆ. "ಈಗ ಚೀರ್ತಾನ ನೋಡ" ಎಂದ, ಸೈಲಣ್ಣ ಚೀರಿದ. ನಾವಿಬ್ಬರೂ ನಕ್ಕೆವು, ಅವನು ಮೂಗು ಒರೆಸಿಕೊಳ್ಳುತ್ತ ನಕ್ಕ.

ನನ್ನ ಬೆರಳು ಆಗ ಮುದುಕದ ಮೇಲೆ ಹೋಗಿತ್ತು. ಒಂದು ಒತ್ತಿದ್ದರೆ ಸಾಕಿತ್ತು. ಬಾಯಿಪಾಠವಿಲ್ಲದ ಹಾಡನ್ನು ಆ ಬೆರಳುಗಳು ಗುರುತಿಸುವುದಿಲ್ಲ, ಅವು ಕೇಳುತ್ತಿರಲಿಲ್ಲ, ನೆನಪಿಸಿಕೊಳ್ಳುತ್ತಿದ್ದವು, ಅಷ್ಟೇ. ಫೌಂಡ್ರಿಯಲ್ಲಿ ದಿನಾ ಬರುವ ಎರಕ ಒಂದೊಂದೂ ಹೊಸದು, ಯಾವುದೂ ಬಾಯಿಪಾಠವಲ್ಲ. ಇಷ್ಟೂ ನನಗೆ ಆ ಕ್ಷಣಕ್ಕೇ ತಿಳಿದಿತ್ತು. ಗೋಡೆಗೆ ಮುಖ ಮಾಡಿದ್ದ ಅವನ ಹೆಗಲು ಬಿಗಿಯಾಗಿತ್ತು, ಅವನಿಗೂ ತಿಳಿದಿತ್ತೋ ಏನೋ. ಸೋಮವಾರ ಹತ್ತು ಮಂದಿಯ ಮುಂದೆ ನಾನು ಅವನ ಮಾನ ತೆಗೆದಿದ್ದೆ. ಮತ್ತೊಮ್ಮೆ ತೆಗೆಯಲು ಮನಸ್ಸು ಬರಲಿಲ್ಲ. ಮೂರನೇ ಕಣ್ಣು ಹಾಕಿದೆ. ಅವನು ಕೂಡಲೇ ಹೇಳಿದ.

"ಪಾಸಾದ್ಯಲೇ" ಎಂದೆ.

ಯಾರಿಗೂ ಹೇಳುವುದಿಲ್ಲ ಎಂದು ಕೊರಳಲ್ಲಿನ ಲಿಂಗ ಮುಟ್ಟಿ ಆಣೆ ಮಾಡು ಎಂದ. ನಮ್ಮ ಮನೆತನದಲ್ಲಿ ಅದನ್ನು ಆಟಕ್ಕೆ ಮುಟ್ಟುವುದಿಲ್ಲ. ಮುಟ್ಟಿ ಹೇಳಿದೆ. ಆಮೇಲೆ ಒಂದೂವರೆ ವರ್ಷ, ಹೇಳಬೇಕು ಅನ್ನಿಸಿದಾಗೆಲ್ಲ ಆಣೆಯ ನೆಪ ಒದಗಿತು.

ಆ ಒಂದೂವರೆ ವರ್ಷ ನಾವು ಹಿಂದೆಂದೂ ಇಲ್ಲದಷ್ಟು ಹತ್ತಿರವಾಗಿದ್ದೆವು. ಹಳೆಯದು ಹೊಸದು ಎಂಬ ವಾದ ಬಿಟ್ಟೆವು. ಅವನು ಬಂದರೆ ಮೊದಲ ನಾಲ್ಕನ್ನೇ ಹಚ್ಚುತ್ತಿದ್ದೆ. ಒಂದು ಸಲ ಖಾನಾಪುರದ ಅವನ ಮನೆಗೆ ಊಟಕ್ಕೆ ಹೋದಾಗ ಪ್ರಮಿಳಾ ರೊಟ್ಟಿ ಬಡಿಸುತ್ತ ದೂರು ಹೇಳಿದಳು.

"ಕುಕ್ಕರ್ ಐದ ಸೀಟಿ ಹೊಡದ್ರೂ ಬಾಜೂಕ ಕುಂತ ಪೇಪರ್ ಓದ್ತಾರ್ರಿ ಅಣ್ಣಾರ. ಬೇಕಂತ ಮಾಡ್ತಾರ. ಹೆಂಡ್ತಿ ಕರದ್ರ ಯಾವ ಗಂಡಸಿಗೆ ಕೇಳಸ್ತೈತಿ ಹೇಳ್ರಿ."

ನಾನೂ ನಕ್ಕು, "ನಮ್ಮ ಮನ್ಯಾಗೂ ಹಂಗ ರೀ ವೈನಿ" ಎಂದೆ. ಮೈಲಾರಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೆಲ್ಲಗೆ ಮಾತಾಡಿದ್ದೆವು, ಅವನಿಗೆ ಕೇಳಿಸಿರಲಿಲ್ಲ. ಆ ಹೆಣ್ಣುಮಗಳಿಗಾದರೂ ನಾನು ಹೇಳಬೇಕಾಗಿತ್ತು.

ಹೋದ ವರ್ಷ ಸುಗ್ಗಿಯ ಹೊತ್ತಿಗೆ, ಖಾನಾಪುರದಾಚೆ ಕಣಕುಂಬಿ ರಸ್ತೆಯ ಬದಿಯ ಒಂದು ಭತ್ತದ ಗಿರಣಿಯಲ್ಲಿ ದೊಡ್ಡ ಪುಲ್ಲಿ ಒಡೆಯಿತು. ಮೋಟರಿನಿಂದ ಬಂದ ಪಟ್ಟಾ ಸುತ್ತಿಕೊಂಡು ತಿರುಗುವ ಬೀಡಿನ ಚಕ್ರ ಅದು, ಒಬ್ಬ ಆಳಿನ ಎದೆಮಟ್ಟ ಇರುತ್ತದೆ. ಮೈಲಾರಿಯ ಫೌಂಡ್ರಿಯಿಂದ ತಂದು ಹಾಕಿ ಒಂಬತ್ತು ದಿನವಾಗಿತ್ತು. ಪೂರ್ತಿ ವೇಗದಲ್ಲಿದ್ದಾಗ ಮೂರು ತುಂಡಾಯಿತು. ಒಂದು ತುಂಡು ಮಾಡಿನ ಹಂಚು ಒಡೆದುಕೊಂಡು ಹೊರಗೆ ಬಿತ್ತು, ಒಂದು ಗೋಡೆಯಲ್ಲಿ ನೆಟ್ಟಿತು. ಮೂರನೆಯದು ಗಿರಣಿ ನಡೆಸುತ್ತಿದ್ದ ರಾಯಪ್ಪನಿಗೆ ಬಡಿಯಿತು. ನಲವತ್ತು ವರ್ಷದ ಆಳು. ಮೂರು ದಿನ ದವಾಖಾನೆಯಲ್ಲಿ ಜೀವ ಹಿಡಿದಿದ್ದು ನಾಲ್ಕನೆಯ ದಿನ ಹೋದ.

ಒಡೆದ ತುಂಡುಗಳನ್ನು ಫೌಂಡ್ರಿಗೆ ತಂದು ಅಂಗಳದಲ್ಲಿ ಇಟ್ಟರು. ಹೊಸದಾಗಿ ಮುರಿದ ಬೀಡು ಒಳಗೆ ಬೂದುಬಣ್ಣಕ್ಕೆ ಹೊಳೆಯುತ್ತದೆ. ಈ ತುಂಡಿನ ಅರ್ಧ ಹೊಳೆಯುತ್ತಿತ್ತು, ಉಳಿದರ್ಧ ಕಪ್ಪಾಗಿತ್ತು. ಎರಕ ಆರುವಾಗಲೇ ಬಿಟ್ಟ ಬಿರುಕು ಅದು ಎಂದು ನೋಡಿದವರಿಗೆಲ್ಲ ತಿಳಿಯಿತು. ಹೊರಮೈಯಲ್ಲಿ ಸುಣ್ಣದ ಗೀಟು ಇನ್ನೂ ಮಾಸಿರಲಿಲ್ಲ. ಆದರೆ ಮಾಲಕರಿಗೆ ಮೈಲಾರಿಯ ಕಿವಿಯ ಮೇಲೆ ಸಂಶಯ ಬರಲಿಲ್ಲ, ಸೂರ್ಯ ಮುಳುಗುವ ದಿಕ್ಕಿನ ಮೇಲೆ ಯಾರಿಗಾದರೂ ಸಂಶಯ ಬರುತ್ತದೆಯೇ? ಬಡಿದು ನೋಡಿದರೂ ಸಿಗದಂಥ ಬಿರುಕು ಬಿಡುವ ಹಾಗೆ ಅಚ್ಚು ಕಟ್ಟಿದ್ದೀಯಾ ಎಂದು ಬಾಳಪ್ಪನ ಮೇಲೆ ಎಗರಿದರು. ಬಾಳಪ್ಪ ಅಲ್ಲಿ ಮೂವತ್ತು ವರ್ಷದಿಂದ ಅಚ್ಚು ಕಟ್ಟುವವನು. ನಾಳೆಯಿಂದ ಬರಬೇಡ ಎಂದರು. ಅವನು ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡ.

ಆಗ ಮೈಲಾರಿ ಎದ್ದು ನಿಂತ. ಈ ಮಾತು ನನಗೆ ಬೇರೆಯವರು ಹೇಳಿದ್ದು. ಮಾಲಕರ ಮುಂದೆ ಹೋಗಿ ಎಲ್ಲರಿಗೂ ಕೇಳುವ ಹಾಗೆ, "ಬಾಳಪ್ಪಣ್ಣಂದ ತಪ್ಪಿಲ್ರಿ. ನನಗ ಕಿವಿ ಇಲ್ಲ. ಎರಡ ವರ್ಷಾತು, ನಾ ಸುಮ್ನ ಗೀಟ ಹೊಡ್ಯಾಕತ್ತೇನಿ" ಎಂದನಂತೆ. ಮಾಲಕರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಎರಡು ವರ್ಷ ಕಿವುಡ ಬಡಿದ ಮಾಲು ಎಲ್ಲೆಲ್ಲಿಗೆ ಹೋಗಿದೆ ಎಂಬುದು ಹೊರಗೆ ಗೊತ್ತಾದರೆ ಫೌಂಡ್ರಿಗೆ ಬೀಗ. ಬಾಯಿ ಮುಚ್ಚಿಕೊಂಡು ಮನೆಯಲ್ಲಿರು ಎಂದು ಅವನನ್ನು ಹಿಂದಿನ ಬಾಗಿಲಿನಿಂದ ಕಳಿಸಿದರು. ಬಾಳಪ್ಪನನ್ನು ಮರಳಿ ಕರೆಸಿದರು. ಪೊಲೀಸರ ಪಂಚನಾಮೆಯಲ್ಲಿ ಯಂತ್ರ ಅತಿ ವೇಗದಿಂದ ಓಡಿಸಿದ್ದೇ ಕಾರಣ ಎಂದು ಬಂತು. ಎಂದರೆ ಸತ್ತ ರಾಯಪ್ಪನದೇ ತಪ್ಪು ಎಂದಾಯಿತು.

ಮೈಲಾರಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಹದಿನೈದು ದಿನ ಅನ್ನ ಬಿಟ್ಟವನ ಹಾಗೆ ಇದ್ದ. ಪ್ರಮಿಳಾ ಫೋನು ಮಾಡಿ ನನ್ನನ್ನು ಕರೆಸಿದಳು. ಹೋದಾಗ ಅಂಗಿ ತೊಟ್ಟು ತಯಾರಾಗಿ ಕುಳಿತಿದ್ದ.

"ಅವರ ಮನಿಗೆ ಹೋಗೂಣು. ನಾ ಹೇಳಬೇಕ. ಅವರ ಏನಂತಾರ ನನಗ ಕೇಳ್ಸೂದಿಲ್ಲ, ನೀ ಬಾ ಜೋಡಿ."

ಹೋದೆವು. ಎರಡು ಖೋಲಿಯ ಹಂಚಿನ ಮನೆ. ಪಡಸಾಲೆಯ ಗೋಡೆಗೆ ರಾಯಪ್ಪನ ಫೋಟೋ, ಅದರ ಕೆಳಗೆ ದೀಪ. ಅವನ ಹೆಂಡತಿ ನಾಗರತ್ನಾ ಸೆರಗು ಹೊದ್ದು ಗೋಡೆಗೆ ಒರಗಿ ಕುಳಿತಿದ್ದಳು. ಅತ್ತೆ ಮೂಲೆಯಲ್ಲಿ ಮಲಗಿದ್ದಳು. ನಾವು ಯಾರೆಂದು ನಾನು ಹೇಳಿದೆ. "ಕುಂದರ್ರಿ" ಎಂದಳು. ಮೈಲಾರಿ ಕುಳಿತುಕೊಳ್ಳಲಿಲ್ಲ. ಕೇಳಿಸದವರು ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯದೆ ಮಾತಾಡುತ್ತಾರಲ್ಲ, ಹಾಗೆ ಓಣಿಗೆಲ್ಲ ಕೇಳುವಂತೆ ಹೇಳಿದ.

"ಆ ಪುಲ್ಲಿ ಬಡದ ನೋಡಿ ಪಾಸ್ ಮಾಡಿದಾಂವ ನಾನ್ರಿ ಅಕ್ಕಾರ. ನಿಮ್ಮ ಮನಿಯವರದೇನೂ ತಪ್ಪಿಲ್ಲ. ಅವರು ಜೋರ ಓಡಿಸಿಲ್ಲ. ಅದು ಮೊದಲ ಒಡದಿತ್ತು. ನನಗ ಕಿವಿ ಕೇಳ್ಸೂದಿಲ್ರಿ."

ನಾಗರತ್ನಾ ಅಳಲಿಲ್ಲ, ಬೈಯಲಿಲ್ಲ. ಮೂಲೆಯಲ್ಲಿ ಮಲಗಿದ್ದ ಅತ್ತೆಗೆ ಎಚ್ಚರವಾಗಬಾರದೆಂದೋ ಏನೋ, ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ಕೇಳಸೂವಂಥವರು ಬಡದಿದ್ರ ಗೊತ್ತಾಕ್ಕಿತ್ತೇನ್ರಿ?"

"ಏನಂದ್ರು?" ಎಂದು ಮೈಲಾರಿ ನನ್ನ ಕಡೆ ನೋಡಿದ.

ಸಾವಿನ ಮನೆಯಲ್ಲಿ ನಾನು ಆ ಮಾತನ್ನು ಅವನ ಕಿವಿಯಲ್ಲಿ ಕೂಗಿ ಹೇಳಬೇಕಾಯಿತು. ಬಾಗಿಲ ಹೊರಗೆ ಹೆಂಗಸರು ಬಂದು ನಿಂತರು.

"ಗೊತ್ತಾಕ್ಕಿತ್ರಿ" ಎಂದ ಅವನು. "ಮೊದಲನೇ ಏಟಿಗೆ ಗೊತ್ತಾಕ್ಕಿತ್ತು."

ಅವಳು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ತಲೆ ಎತ್ತಿದಳು. ನೋಡಿದ್ದು ಅವನನ್ನಲ್ಲ, ನನ್ನನ್ನು.

"ಇವರಿಗೆ ಕೇಳ್ಸೂದಿಲ್ಲ ಅನ್ನೂದು ಯಾರಿಗೂ ಗೊತ್ತಿರಲಿಲ್ಲೇನ್ರಿ?"

ಉತ್ತರ ಕೊಡಬೇಕಾದವನು ನಾನು. ನಾನೇನು ಮಾಡಿದೆ ಎಂದರೆ ಮೈಲಾರಿಯ ಕಿವಿಯ ಹತ್ತಿರ ಬಾಯಿ ಒಯ್ದು, ಅವಳ ಪ್ರಶ್ನೆಯನ್ನು ಒಂದಕ್ಷರ ಬಿಡದೆ ಅವನಿಗೆ ಕೂಗಿ ಹೇಳಿದೆ. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಆ ಕಣ್ಣಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಇವತ್ತು ನಿದ್ದೆಯಾದರೂ ಬರುತ್ತಿತ್ತು.

"ಇಲ್ರಿ ಅಕ್ಕಾರ" ಎಂದ. "ಯಾರಿಗೂ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ."

ನಾಗರತ್ನಾ ಇನ್ನೂ ನನ್ನನ್ನೇ ನೋಡುತ್ತಿದ್ದಳು.

"ಹೌದೇನ್ರಿ?" ಎಂದಳು.

ಹೌದು ಎಂದೆ.